ಅಂಗಳದ ತರಕಾರಿಗೆ ಉಕ್ಕಿನ ಏರುಮಡಿ ಕಿಟ್: ಸಂಘದ ಕಣ್ಣಿಗೂ ಒಪ್ಪಬೇಕು, ಬೇರಿಗೂ ಒಪ್ಪಬೇಕು

ಬಡಾವಣೆ ಸಂಘಗಳ ಅಂದಚಂದದ ನಿಯಮಗಳಲ್ಲಿ ‘ತರಕಾರಿ ಬೆಳೆಯಬೇಡಿ’ ಎಂಬ ಸಾಲೇ ಇರಬೇಕೆಂದಿಲ್ಲ. ‘ರಸ್ತೆಗೆ ಕಾಣುವ ಜಾಗದಲ್ಲಿ ಅಲಂಕಾರಿಕ ಗಿಡ ಮಾತ್ರ’, ‘ಅನುಮತಿಯಿಲ್ಲದೆ ಯಾವುದೇ ರಚನೆ ಕೂಡದು’, ‘ಅಂಗಳವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಬೇಕು’ ಎಂಬಂಥ ಸಾಲುಗಳೇ ಸಾಕು, ಟೊಮೆಟೊ ಗಿಡಕ್ಕೆ ನೋಟಿಸ್ ಬರಲು. ಆದರೆ ದೂರು ಹೋಗುವುದು ಗಿಡದ ಮೇಲಲ್ಲ. ಬಿಸಿಲಿಗೆ ಹರಿದ ಚೀಲ, ಓರೆಯಾಗಿ ನಿಂತ ಕೋಲು, ಕೊಯ್ಲಾದ ಮೇಲೆ ಬೋಳು ಬಿದ್ದ ಮಣ್ಣು, ಹಸಿ ಗೊಬ್ಬರದ ವಾಸನೆ, ಇವುಗಳ ಮೇಲೆ. ಬದನೆ ಗಿಡವನ್ನು ಅದರ ಪಾಡಿಗೆ ನೋಡಿದರೆ ಯಾವ ಅಲಂಕಾರಿಕ ಪೊದೆಗೂ ಕಡಿಮೆಯಿಲ್ಲ. ಹೀಗಾಗಿ ಮುಂದಿನ ಅಂಗಳಕ್ಕೆ ಯಾವ ಮಡಿ (ಮಣ್ಣು ತುಂಬಿ ಗಿಡ ನೆಡುವ ಚೌಕಟ್ಟು) ಕೊಳ್ಳಬೇಕೆಂಬ ಪ್ರಶ್ನೆಯಲ್ಲಿ ಎರಡು ಲೆಕ್ಕ ಸೇರಿವೆ: ಅಂಚು ಹೇಗೆ ಕಾಣುತ್ತದೆ, ಒಳಗೆ ಬೇರಿಗೆ ಎಷ್ಟು ಜಾಗವಿದೆ.

ಈ ಎರಡಕ್ಕೂ ಸದ್ಯ ಸಿಗುವ ಸರಕಿನಲ್ಲಿ ಹೆಚ್ಚು ಹೊಂದುವುದು ಹಾಳೆಹಾಳೆಯಾಗಿ ಬಂದು ಬೋಲ್ಟ್ ಹಾಕಿ ಜೋಡಿಸುವ ಉಕ್ಕಿನ ಏರುಮಡಿ ಕಿಟ್. ತಳವಿಲ್ಲದ್ದು, ಸುಮಾರು 43 ಸೆಂ.ಮೀ. ಎತ್ತರದ್ದು, ಹೊಳಪಿಲ್ಲದ ತಿಳಿ ಬಣ್ಣದ್ದು. 80 ಸೆಂ.ಮೀ. ಎತ್ತರದ ಮಾದರಿಯೂ ಸಿಗುತ್ತದೆ. ಬಾಗಲಾಗದವರಿಗೆ ಅದು ಅನುಕೂಲವೇ ಹೌದು, ಆದರೆ ಮಣ್ಣು ಇಮ್ಮಡಿ ಬೇಕು, ಮತ್ತು ರಸ್ತೆಯಿಂದ ನೋಡಿದವರಿಗೆ ಅದು ತೋಟವಾಗಿ ಅಲ್ಲ, ನೀರಿನ ತೊಟ್ಟಿಯಾಗಿ ಕಾಣುತ್ತದೆ. ಮುಂಭಾಗಕ್ಕೆ ಬೇಡ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಹಾಳೆಯ ದಪ್ಪ. 0.6 ಮಿ.ಮೀ. ಇದ್ದರೆ ಒಳ್ಳೆಯದು. ಅಗ್ಗದ ಕಿಟ್‌ಗಳಲ್ಲಿ 0.3ರಿಂದ 0.4 ಮಿ.ಮೀ. ಹಾಳೆ ಇರುತ್ತದೆ. ಇದನ್ನು ಅಡ್ಡಲಾಗಿ ಸುಕ್ಕು ಹೊಡೆದು ಗಟ್ಟಿಯಾದಂತೆ ತೋರಿಸಿರುತ್ತಾರೆ, ಒದ್ದೆ ಮಣ್ಣು ತುಂಬಿದ ಮೇಲೆ ಬಂಡವಾಳ ಬಯಲಾಗುತ್ತದೆ. ಎರಡನೆಯದು ಲೇಪನ. ಬರೀ ಸತುವಿನ ಲೇಪನಕ್ಕಿಂತ ಅಲ್ಯೂಮಿನಿಯಂ-ಸತು ಮಿಶ್ರಲೇಪನ (55% ಅಲ್ಯೂಮಿನಿಯಂ, 43.4% ಸತು, 1.6% ಸಿಲಿಕಾನ್) ಬಯಲಿನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಅದರ ಮೇಲೆ ಬಣ್ಣ ಇದ್ದರೆ ಇನ್ನೂ ಮೇಲು, ಏಕೆಂದರೆ ಮಿಂಚುವ ಬೆಳ್ಳಿ ಹಾಳೆ ಸಂಘದ ಕಣ್ಣಿಗೆ ಮೊದಲು ಬೀಳುತ್ತದೆ. ಮೂರನೆಯದು, 1.5 ಮೀಟರ್‌ಗಿಂತ ಉದ್ದದ ಮಡಿಗೆ ಅಡ್ಡ ಕಂಬಿ ಜೊತೆಗೇ ಬಂದಿದೆಯೇ ಎಂಬುದು. ಕಂಬಿ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಉದ್ದದ ಬದಿ ಹೊಟ್ಟೆ ಬಿಡುತ್ತದೆ, ಮಣ್ಣು ತೆಗೆಯದೆ ಅದನ್ನು ಸರಿಪಡಿಸಲಾಗುವುದಿಲ್ಲ. ಕಂಬಿಯನ್ನು ಬೇರೆ ಸಾಮಾನೆಂದು ಮಾರುವ ಕಂಪನಿಗಳೂ ಇವೆ. ಅದು ವ್ಯಾಪಾರವಿರಬಹುದು, ನ್ಯಾಯವಲ್ಲ.

ಬಣ್ಣದ ವಿಷಯದಲ್ಲಿ ನಿಯಮಕ್ಕೂ ಗಿಡಕ್ಕೂ ಸ್ವಲ್ಪ ತಿಕ್ಕಾಟವಿದೆ. ‘ಮಂದ ಬಣ್ಣ’ ಎಂದರೆ ಇದ್ದಿಲು ಬೂದು ಎಂದು ಆರಿಸುವವರು ಹೆಚ್ಚು. ಕಡುಬಣ್ಣದ ಹಾಳೆ ಮಧ್ಯಾಹ್ನದ ಬಿಸಿಲಿಗೆ ಕೈ ಇಡಲಾಗದಷ್ಟು ಕಾಯುತ್ತದೆ. ಒಳಗಿನ ಇಡೀ ಮಣ್ಣು ಬೇಯುತ್ತದೆ ಎಂಬ ಮಾತು ಸರಿಯಲ್ಲ, ಅಷ್ಟು ಒದ್ದೆ ಮಣ್ಣು ಸುಲಭಕ್ಕೆ ಕಾಯುವುದಿಲ್ಲ. ಆದರೆ ಬಿಸಿಲಿಗೆ ಮುಖ ಮಾಡಿದ ಬದಿಗೆ ತಾಗಿದ ನಾಲ್ಕಾರು ಸೆಂ.ಮೀ. ಮಣ್ಣು ಒಣಗಿ, ಅಲ್ಲಿ ನೆಟ್ಟ ಎಳೆ ಸಸಿ ಸೊರಗುತ್ತದೆ. ಮರಳಿನ ಬಣ್ಣ, ತಿಳಿ ಹಸಿರು, ತಿಳಿ ಬೂದು ಇವೂ ಮಂದ ಬಣ್ಣಗಳೇ, ಇವನ್ನು ಕೇಳಿ. ಆ ಬದಿಯಲ್ಲಿ ಸಸಿಯ ಬದಲು ಥೈಮ್‌ನಂಥ ಒಣ ಹವೆ ತಡೆಯುವ ಗಿಡ ನೆಟ್ಟರೆ ಅಂಚಿನಿಂದಾಚೆ ಇಳಿಬಿದ್ದು ಹಾಳೆಗೇ ನೆರಳು ಕೊಡುತ್ತದೆ.

ಜೋಡಣೆ

ಹಾಳೆಗಳ ಮೇಲೆ ಗೀರು ಬೀಳದಂತೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಬೋಲ್ಟ್ ಹಾಕುವ ಮುಂಚೆಯೇ ಅದನ್ನು ಪೂರ್ತಿ ಸುಲಿಯಬೇಕು. ಆಮೇಲೆ ಸುಲಿದರಾಯಿತು ಎಂದು ಬಿಟ್ಟರೆ ಹಾಳೆಗಳು ಒಂದರ ಮೇಲೊಂದು ಕೂರುವ ಸಂದಿನಲ್ಲಿ ಪೊರೆ ಸಿಕ್ಕಿಕೊಂಡು ಚಿಂದಿಚಿಂದಿಯಾಗಿ ನೇತಾಡುತ್ತದೆ, ಬಿಸಿಲಿಗೆ ಸುಟ್ಟು ಕರೆಯಾಗಿ ಅಂಟಿಕೊಳ್ಳುತ್ತದೆ. ಹೊಸ ಮಡಿ ಎರಡೇ ತಿಂಗಳಲ್ಲಿ ಹಳೆಯದಾಗಿ ಕಾಣುವುದು ಹೀಗೆ.

ಎಲ್ಲ ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಹಾಕಿ. ಇಡಬೇಕಾದ ಜಾಗದಲ್ಲಿ ಇಟ್ಟು, ಎರಡು ಕರ್ಣಗಳನ್ನು ಟೇಪಿನಿಂದ ಅಳೆದು ಸಮ ಬರುವವರೆಗೆ ಸರಿಸಿ, ಆಮೇಲೆ ಬಿಗಿ ಮಾಡಿ. ಒಂದೊಂದು ಮೂಲೆಯನ್ನೇ ಬಿಗಿ ಮಾಡುತ್ತ ಹೋದರೆ ಕೊನೆಯ ಹಾಳೆಯ ತೂತು ಸೇರುವುದೇ ಇಲ್ಲ. ನೆಲ ಇಳಿಜಾರಾಗಿದ್ದರೆ ಎತ್ತರದ ಕಡೆಯ ನೆಲವನ್ನು ಅಗೆದು ಮಡಿಯನ್ನು ಕೂರಿಸಬೇಕು. ತಗ್ಗಿನ ಕಡೆ ಕಲ್ಲು ಕೊಟ್ಟು ಎತ್ತಿದರೆ ಪ್ರತಿ ಸಲ ನೀರು ಹಾಕಿದಾಗಲೂ ಸಂದಿನಿಂದ ಮಣ್ಣು ಕೊಚ್ಚಿ ಬಂದು ಕಾಲುದಾರಿಯ ಮೇಲೆ ಕೆಸರಿನ ಗೆರೆ ಎಳೆಯುತ್ತದೆ. ಅಂದದ ನಿಯಮದ ದೃಷ್ಟಿಯಿಂದಲೂ ಮಟ್ಟ ಮುಖ್ಯ. ಗಿಡ ಹೇಗೆ ಬೇಕಾದರೂ ಬೆಳೆಯಲಿ, ಕೆಳಗಿನ ಅಂಚು ನೀರಿನ ಮಟ್ಟದಂತೆ ನೇರವಾಗಿದ್ದರೆ ನೋಡುವವರಿಗೆ ಅದು ಬೇಕೆಂದೇ ಮಾಡಿದ ತೋಟವೆಂದು ತಿಳಿಯುತ್ತದೆ.

ಅಗಲ 90 ಸೆಂ.ಮೀ. ಸಾಕು, 1.2 ಮೀಟರ್ ಮೀರಬಾರದು; ನಡುವಿನ ಗಿಡ ಎರಡೂ ಬದಿಯಿಂದ ಕೈಗೆಟಕಬೇಕು. ಒಂದೇ ಬದಿಯಿಂದ ಕೈ ಹಾಕುವ ಜಾಗವಾದರೆ 60 ಸೆಂ.ಮೀ. ಮಡಿಗಳ ನಡುವೆ 45ರಿಂದ 60 ಸೆಂ.ಮೀ. ದಾರಿ ಬಿಡಿ. ಮನೆಯ ಗೋಡೆಗೆ ತಾಗಿಸಬೇಡಿ, 30 ಸೆಂ.ಮೀ. ಆದರೂ ಅಂತರ ಇರಲಿ; ಇಲ್ಲದಿದ್ದರೆ ಗೋಡೆಗೆ ತೇವ ಏರುತ್ತದೆ, ಗೆದ್ದಲು ಯಾರ ಕಣ್ಣಿಗೂ ಬೀಳದೆ ಹತ್ತುತ್ತದೆ. ನೀರಿನ ಕೊಳವೆ, ಒಳಚರಂಡಿ ಮುಚ್ಚಳಗಳ ಮೇಲೂ ಇಡಬಾರದು.

ಮಣ್ಣಿನ ಲೆಕ್ಕವನ್ನು ಕಿಟ್‌ನ ಪೆಟ್ಟಿಗೆ ಹೇಳುವುದಿಲ್ಲ, ಕೊಂಡವರು ಬೆಚ್ಚಿಬೀಳುವುದು ಇಲ್ಲೇ. 1.8 ಮೀ. ಉದ್ದ, 0.9 ಮೀ. ಅಗಲ, 0.43 ಮೀ. ಎತ್ತರದ ಮಡಿ ಅಂಚಿನವರೆಗೆ ತುಂಬಲು ಸುಮಾರು 700 ಲೀಟರ್ ಮಿಶ್ರಣ ಬೇಕು. ನೀರು ಕುಡಿದ ಮೇಲೆ ಅದು ಒಂದು ಟನ್ನಿನ ಹತ್ತಿರ ತೂಗುತ್ತದೆ. ತಾರಸಿಯ ಮೇಲೆ ಇಂಥದ್ದನ್ನು ಇಡುವ ಯೋಚನೆಯನ್ನು ಎಂಜಿನಿಯರ್ ಒಪ್ಪುವವರೆಗೆ ಬಿಟ್ಟುಬಿಡಿ. ಮಿಶ್ರಣದಲ್ಲಿ ಅರ್ಧದಷ್ಟು ಒಳ್ಳೆಯ ತೋಟದ ಮಣ್ಣು, ಮೂರನೇ ಒಂದರಷ್ಟು ಚೆನ್ನಾಗಿ ಕಳಿತ ಕಾಂಪೋಸ್ಟ್, ಉಳಿದದ್ದು ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ. ಬರೀ ಕಾಂಪೋಸ್ಟನ್ನೇ ತುಂಬಿದರೆ ಮೊದಲ ಬೆಳೆ ಹುಲುಸಾಗಿ ಬರುತ್ತದೆ, ಎರಡನೇ ವರ್ಷದ ಹೊತ್ತಿಗೆ ಮಡಿ ಅರ್ಧಕ್ಕರ್ಧ ಕುಸಿದು, ಒಣಗಿದಾಗ ನೀರನ್ನೇ ಹೀರದಂತಾಗುತ್ತದೆ.

ಖರ್ಚು ಉಳಿಸಲು ತಳದಲ್ಲಿ ಮರದ ತುಂಡು, ಒಣ ಕೊಂಬೆ ತುಂಬುವ ಉಪಾಯ ಚಾಲ್ತಿಯಲ್ಲಿದೆ. ಆಳದ ಮಡಿಗೆ ಸರಿ. 43 ಸೆಂ.ಮೀ. ಮಡಿಯಲ್ಲಿ ತಳದ 10 ಸೆಂ.ಮೀ. ಮೀರಿ ತುಂಬಿದರೆ ಬೇರಿನ ಜಾಗವನ್ನೇ ಕಸಿದಂತೆ. ಹಸಿ ಮರದ ಹೊಟ್ಟು, ಚಕ್ಕೆಯನ್ನು ಮಣ್ಣಿನ ಜೊತೆ ಬೆರೆಸಿದರಂತೂ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಹಿಡಿದಿಟ್ಟುಕೊಂಡು ಗಿಡ ಹಳದಿಯಾಗುತ್ತದೆ. ಯಾವುದನ್ನೇ ತುಂಬಿದರೂ ಮೊದಲ ವರ್ಷ ಮಟ್ಟ ಇಳಿಯುವುದು ಖಚಿತ. ಪ್ರತಿ ಹಂಗಾಮಿಗೆ 5 ಸೆಂ.ಮೀ. ಕಾಂಪೋಸ್ಟ್, ಅಂದರೆ ಈ ಅಳತೆಯ ಮಡಿಗೆ ಸುಮಾರು 80 ಲೀಟರ್, ಮೇಲೆ ಹರಡಬೇಕು. ಮಣ್ಣು ಅಂಚಿಗಿಂತ 4–5 ಸೆಂ.ಮೀ. ಕೆಳಗೇ ಇರಲಿ, ಒಣಹುಲ್ಲಿನ ಹೊದಿಕೆ ಆಚೆ ಚೆಲ್ಲದೆ ನಿಲ್ಲುತ್ತದೆ.

ಲೋಹ ತುಕ್ಕು ಹಿಡಿಯುವುದಿಲ್ಲವೇ? ಕತ್ತರಿಸಿದ ಅಂಚಿನಲ್ಲಿ ಸ್ವಲ್ಪ ಕಂದು ಬಣ್ಣ ಬಂದೇ ಬರುತ್ತದೆ, ಅಕ್ಕಪಕ್ಕದ ಸತು ತಾನು ಸವೆದು ಉಕ್ಕನ್ನು ಕಾಯುವುದರಿಂದ ಅದು ಬೇಗ ಹರಡುವುದಿಲ್ಲ. ಹೆದರಬೇಕಾದದ್ದು ಆಮ್ಲಕ್ಕೆ ಮತ್ತು ತಾಮ್ರಕ್ಕೆ. ಮಣ್ಣಿನ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿಳಿದರೆ ಸತುವಿನ ಲೇಪನ ಬೇಗ ಸವೆಯುತ್ತದೆ. ತರಕಾರಿಗೆ ಬೇಕಾದದ್ದು ಹೇಗೂ 6ರಿಂದ 7. ಬೋರ್ಡೋ ದ್ರಾವಣದಂಥ ತಾಮ್ರದ ಸಿಂಪಡಣೆ ಹಾಳೆಯ ಮೇಲೆ ತೊಟ್ಟಿಕ್ಕಿದರೆ ಬಣ್ಣ ಹೋದ ಜಾಗದಲ್ಲಿ ಸತುವನ್ನು ಕೊರೆದು ಕಪ್ಪು ಕಲೆ ಮಾಡುತ್ತದೆ. ಸಿಂಪಡಿಸಿದ ಕೂಡಲೇ ಅಂಚನ್ನು ನೀರಿನಿಂದ ತೊಳೆದುಬಿಡಿ.

ನೀರಿಗೆ ಹನಿ ಪೈಪೇ ಸರಿ, ರಸ್ತೆಗೆ ಕಾಣದಂತೆ ಹೊದಿಕೆಯ ಅಡಿಯಲ್ಲಿ. ಮೇಲಿನ ಅಳತೆಯ ಮಡಿಗೆ 30 ಸೆಂ.ಮೀ. ಅಂತರದಲ್ಲಿ ಮೂರು ಸಾಲು, ಪ್ರತಿ ಸಾಲಿನಲ್ಲಿ 30 ಸೆಂ.ಮೀ.ಗೊಂದು ಹನಿಕ (ನೀರು ತೊಟ್ಟಿಕ್ಕಿಸುವ ಬಿಡಿಭಾಗ), ಗಂಟೆಗೆ 2 ಲೀಟರ್ ಬಿಡುವ 18 ಹನಿಕಗಳು ಸೇರಿ ಗಂಟೆಗೆ 36 ಲೀಟರ್. ಬಿಸಿಲ ದಿನಗಳಲ್ಲಿ ದಿನಕ್ಕೆ 15 ನಿಮಿಷ ಬಿಟ್ಟರೆ 9 ಲೀಟರ್ ಬೀಳುತ್ತದೆ, ಸಾಕು. ನಲ್ಲಿಯ ಬಳಿ ಸೋಸುಕ, ಒತ್ತಡ ತಗ್ಗಿಸುವ ಬಿಡಿಭಾಗ ಎರಡೂ ಬೇಕು. ಸೋಸುಕವಿಲ್ಲದೆ ಓಡಿಸಿದರೆ ಸಾಲಿನ ಕೊನೆಯ ಹನಿಕಗಳು ಮೊದಲು ಕಟ್ಟುತ್ತವೆ, ಆ ತುದಿಯ ಗಿಡ ಬಾಡುವವರೆಗೆ ಗೊತ್ತೇ ಆಗುವುದಿಲ್ಲ.

ಆಸರೆ: ಕಿಟ್ ಸೋಲುವ ಜಾಗ

ಇಷ್ಟು ಹೊಗಳಿದ ಕಿಟ್‌ನ ಜೊತೆ ಮಾರುವ ಕಮಾನಿನ ಆಸರೆಯನ್ನು ಮಾತ್ರ ಕೊಳ್ಳಬೇಡಿ. ತೆಳು ಕೊಳವೆಯನ್ನು ಮಡಿಯ ಹಾಳೆಗೇ ಬೋಲ್ಟ್ ಮಾಡುವ ವಿನ್ಯಾಸ ಅದು. ಬಳ್ಳಿ ಪೂರ್ತಿ ಹಬ್ಬಿದ ಮೇಲೆ ಆಸರೆ ಹಡಗಿನ ಪಟದಂತೆ ಗಾಳಿಯನ್ನೆಲ್ಲ ತಾನೇ ಹಿಡಿಯುತ್ತದೆ; ಎಳೆತವೆಲ್ಲ ನಾಲ್ಕು ಬೋಲ್ಟ್ ತೂತುಗಳ ಮೇಲೆ ಬಿದ್ದು ತೂತು ಹಿಗ್ಗಿ, ಹಾಳೆ ಸೀಳಿ, ಕಮಾನು ಕಾಲುದಾರಿಯ ಮೇಲೆ ಒರಗುತ್ತದೆ. ಬೆಳೆಯೂ ಹೋಯಿತು, ನೋಟಿಸೂ ಬಂತು. ಇದರ ಬದಲು ಎರಡು ಕಬ್ಬಿಣದ ಕಂಬಗಳನ್ನು ಮಡಿಯ ಒಳಬದಿಯಲ್ಲಿ, ಮಡಿಯ ಮಣ್ಣು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ 45 ಸೆಂ.ಮೀ. ಇಳಿಯುವಂತೆ ಹೊಡೆದು, ಅವಕ್ಕೆ 15 ಸೆಂ.ಮೀ. ಕಣ್ಣಿನ ಬೆಸುಗೆ ಜಾಲರಿ ಕಟ್ಟಿ. ಅದಕ್ಕಿಂತ ಚಿಕ್ಕ ಕಣ್ಣಾದರೆ ಕೈ ತೂರುವುದಿಲ್ಲ, ಕಾಯಿ ಸಿಕ್ಕಿಕೊಂಡು ಸೊಟ್ಟಗಾಗುತ್ತದೆ. ಜಾಲರಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿದರೆ ಎಲೆಗಳ ಹಿಂದೆ ಅದು ಇದೆಯೆಂದೇ ಕಾಣುವುದಿಲ್ಲ. ಹಸಿರು ಬಣ್ಣ ಮರೆಯಾಗುತ್ತದೆ ಎಂದುಕೊಳ್ಳುವವರು ಬಹಳ. ಅಂಗಡಿಯ ಹಸಿರು ಗಿಡದ ಹಸಿರಿನ ಪಕ್ಕದಲ್ಲಿ ಬೇರೆಯಾಗಿಯೇ ಕಾಣುತ್ತದೆ.

ಎತ್ತರದ ಪ್ರಶ್ನೆ ಇನ್ನೂ ಸೂಕ್ಷ್ಮ. ಮುಂಭಾಗದ ಬೇಲಿಗೆ ಎತ್ತರದ ಮಿತಿ ಇರುವ ಕಡೆ, ಬಳ್ಳಿ ಹಬ್ಬಿಸಿದ ಉದ್ದನೆಯ ಜಾಲರಿಯನ್ನೂ ಬೇಲಿಯೆಂದೇ ಲೆಕ್ಕ ಹಾಕುವ ಅವಕಾಶ ಸಂಘಕ್ಕೆ ಸಿಗುತ್ತದೆ. ಮಡಿಯ 43 ಸೆಂ.ಮೀ. ಕೂಡ ಆ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು. ನೆಲದಿಂದ 1.2 ಮೀಟರ್ ಮಿತಿ ಇದ್ದರೆ ಗಿಡಕ್ಕೆ ಉಳಿಯುವುದು 77 ಸೆಂ.ಮೀ. ಮಾತ್ರ. ಅಷ್ಟರೊಳಗೆ ಏನು ಬೆಳೆಯಬಹುದು? ಮೆಣಸಿನಕಾಯಿ, ಡೊಣ್ಣೆ ಮೆಣಸು, 45–50 ಸೆಂ.ಮೀ.ಗೆ ನಿಲ್ಲುವ ಗಿಡ್ಡ ಹುರುಳಿಕಾಯಿ, ಗಿಡ್ಡ ತಳಿಯ ಬದನೆ, ಎಲ್ಲ ಸೊಪ್ಪು, ಮೂಲಂಗಿ, ಕ್ಯಾರೆಟ್. ಟೊಮೆಟೊದಲ್ಲಿ ಕುಂಡಕ್ಕೆಂದೇ ಬೆಳೆಸಿದ ಕುಳ್ಳ ತಳಿ ಮಾತ್ರ. ಒಂದು ಹಂತಕ್ಕೆ ಬೆಳವಣಿಗೆ ನಿಲ್ಲಿಸುವ ಸಾಮಾನ್ಯ ತಳಿಗಳೂ 90ರಿಂದ 120 ಸೆಂ.ಮೀ. ಏರುತ್ತವೆ; ಬೆಳೆಯುತ್ತಲೇ ಹೋಗುವ ತಳಿಗಳು ಎರಡು ಮೀಟರ್ ದಾಟುತ್ತವೆ, ಅವಕ್ಕೂ ಹೀರೆ, ಹಾಗಲ, ಬೆಂಡೆಗೂ ಹಿತ್ತಲೇ ಸರಿಯಾದ ಜಾಗ. ಮೂಲೆ ನಿವೇಶನವಾದರೆ ವಾಹನ ಸವಾರರಿಗೆ ನೋಟ ಸಿಗಬೇಕಾದ ತ್ರಿಕೋನದಲ್ಲಿ ಎತ್ತರದ್ದು ಯಾವುದನ್ನೂ ಬೆಳೆಯಬೇಡಿ. ಇದು ಅಂದದ ಮಾತಲ್ಲ, ಸುರಕ್ಷತೆಯದು. ಇಲ್ಲಿ ಸಂಘದ ಜೊತೆ ವಾದಕ್ಕಿಳಿದರೆ ಸೋಲು ನಿಮ್ಮದೇ, ಸೋಲಬೇಕಾದ್ದೂ ಹೌದು.

ಎತ್ತರದ ಗಿಡ ಇಡುವುದೇ ಆದರೆ ಮಧ್ಯಾಹ್ನದ ಸೂರ್ಯನಿಗೆ ಬೆನ್ನಾಗುವ ಬದಿಯಲ್ಲಿಡಿ, ಉಳಿದದ್ದಕ್ಕೆ ನೆರಳು ಬೀಳುವುದಿಲ್ಲ. ಹಣ್ಣು ಬಿಡುವ ತರಕಾರಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಹಿತ್ತಲಿಗೆ ಮನೆಯದೇ ನೆರಳು ಬೀಳುವ ನಿವೇಶನದಲ್ಲಿ ಮುಂದಿನ ಅಂಗಳ ಬಿಟ್ಟು ಬೇರೆ ದಾರಿ ಇಲ್ಲ. ಸಂಘಕ್ಕೆ ಕೊಡುವ ಅರ್ಜಿಯಲ್ಲಿ ಬರೆಯಬೇಕಾದ ಮೊದಲ ಕಾರಣವೂ ಇದೇ.

ಉಳಿದ ಆಯ್ಕೆಗಳು

ಮರದ ಚೌಕಟ್ಟು ಮೊದಲ ವರ್ಷ ಎಲ್ಲಕ್ಕಿಂತ ಚೆಂದ. ಸಂಸ್ಕರಿಸದ ಪೈನ್ ಹಲಗೆ ಒದ್ದೆ ಮಣ್ಣಿಗೆ ತಾಗಿ ಎರಡು ಮೂರು ವರ್ಷಕ್ಕೆ ಕೊಳೆಯುತ್ತದೆ, ಮೂಲೆಯ ಮೊಳೆ ಅದಕ್ಕೂ ಮುಂಚೆ ಬಿಡುತ್ತದೆ. ಸೀಡರ್, ತೇಗದಂಥವು ಬಾಳುತ್ತವೆ, ಬೆಲೆಯೂ ಹಾಗೇ. ಹಳೆಯ ರೈಲ್ವೆ ಸ್ಲೀಪರ್ ಮಾತ್ರ ಖಂಡಿತ ಬೇಡ. ಮರ ಕೊಳೆಯದಂತೆ ಕ್ರಿಯೊಸೋಟ್ ಎಂಬ ವಿಷದ ಟಾರೆಣ್ಣೆ ಹೊಡೆದದ್ದರಲ್ಲಿ ತಿನ್ನುವುದನ್ನು ಬೆಳೆಯಬಾರದು. ಹಳೆಯ ಸಂಸ್ಕರಿತ ಮರದಲ್ಲಿ ಆರ್ಸೆನಿಕ್ ಇರಬಹುದು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದ್ದರಿಂದ, ಮೂಲ ತಿಳಿಯದ ಹಳೆಯ ಹಲಗೆಯನ್ನು ಮರುಬಳಸಬೇಡಿ.

ಬಟ್ಟೆಯ ಗ್ರೋ ಬ್ಯಾಗ್ ಬೇರಿಗೆ ಅತ್ಯುತ್ತಮ, ಬೇರಿನ ತುದಿ ಗಾಳಿಗೆ ತಾಗಿ ಅಲ್ಲೇ ನಿಂತು ಒಳಗೆ ಹೊಸ ಕವಲು ಒಡೆಯುತ್ತದೆ. ಕಣ್ಣಿಗೆ ಅತಿ ಕೆಟ್ಟದ್ದೂ ಅದೇ. ಒಂದು ಹಂಗಾಮು ಮುಗಿಯುವುದರೊಳಗೆ ಹೊರಮೈಗೆ ಬಿಳಿ ಉಪ್ಪು ಕಟ್ಟುತ್ತದೆ, ಪಾಚಿ ಹಿಡಿಯುತ್ತದೆ, ಹಿಡಿಕೆ ಬಿಸಿಲಿಗೆ ಪುಡಿಯಾಗುತ್ತದೆ. ಹಿತ್ತಲಿಗೆ ಕಣ್ಣು ಮುಚ್ಚಿ ಕೊಳ್ಳಿ, ಮುಂದಕ್ಕೆ ಬೇಡ.

ತಳದಲ್ಲಿ ನೀರಿನ ತೊಟ್ಟಿ ಇರುವ ಪೆಟ್ಟಿಗೆಗಳನ್ನು ಕಾಂಕ್ರೀಟ್ ನೆಲದವರು, ಬಾಡಿಗೆ ಮನೆಯವರು ನೋಡಬಹುದು. ಎತ್ತಿ ಒಯ್ಯಲು ಬರುವುದರಿಂದ ‘ರಚನೆ’ ಎಂದು ಕರೆಯುವುದೂ ಕಷ್ಟ. ಆದರೆ ಅದರಲ್ಲಿ ತೋಟದ ಮಣ್ಣು ಹಾಕಿದರೆ ಕೆಟ್ಟಿತು: ಸೂಕ್ಷ್ಮ ರಂಧ್ರಗಳೆಲ್ಲ ನೀರಿನಿಂದ ತುಂಬಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ನಾರಿನ ಪುಡಿ ಎರಡು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಹರಳು) ಒಂದು ಪಾಲು, ಜರಡಿ ಹಿಡಿದ ಕಾಂಪೋಸ್ಟ್ ಒಂದು ಪಾಲು ಸರಿಯಾದ ಅಳತೆ. ಮೊದಲ ಸಲ ಮೇಲಿನಿಂದ ಚೆನ್ನಾಗಿ ನೆನೆಸದಿದ್ದರೆ ಕೆಳಗಿನ ನೀರು ಮೇಲೇರುವುದೇ ಇಲ್ಲ. ಬಿಸಿಲಲ್ಲಿ ಕಾಯಿ ತುಂಬಿದ ಟೊಮೆಟೊ ಗಿಡ ದಿನಕ್ಕೆ 3–4 ಲೀಟರ್ ಕುಡಿಯಬಲ್ಲದು. 11 ಲೀಟರ್ ತೊಟ್ಟಿಯ ಮೇಲೆ ಅಂಥವು ಎರಡಿದ್ದರೆ ತೊಟ್ಟಿ ಎರಡು ದಿನವೂ ಬರದಿರಬಹುದು. ಒಮ್ಮೆ ಒಣಗಿ ಒಮ್ಮೆ ತುಂಬಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಬುಡ ಕಪ್ಪಾಗಿ ಕೊಳೆಯುತ್ತದೆ. ನೀರು ತುಂಬುವ ಕೊಳವೆಯ ಬಾಯಿಗೂ ಉಕ್ಕುವ ತೂತಿಗೂ ಸೊಳ್ಳೆಬಲೆ ಕಟ್ಟಲೇಬೇಕು. ಸೊಳ್ಳೆಯ ದೂರಿಗೆ ಸಂಘದ ನಿಯಮವೇ ಬೇಕಿಲ್ಲ.

ಅರ್ಜಿ ಮತ್ತು ಕಾನೂನು

ಕಾನೂನು ನಮ್ಮ ಪರ ಇದೆ ಎಂದು ನಂಬಿ ಮಡಿ ತರಿಸುವ ಮುನ್ನ ಅದರ ವ್ಯಾಪ್ತಿ ಓದಬೇಕು. ಫ್ಲಾರಿಡಾದ ಮಯಾಮಿ ಶೋರ್ಸ್‌ನಲ್ಲಿ ಒಂದು ದಂಪತಿ 17 ವರ್ಷ ಬೆಳೆಸಿದ್ದ ಮನೆಮುಂದಿನ ತರಕಾರಿ ತೋಟವನ್ನು 2013ರಲ್ಲಿ ದಿನಕ್ಕೆ 50 ಡಾಲರ್ ದಂಡದ ಬೆದರಿಕೆಗೆ ಕಿತ್ತುಹಾಕಬೇಕಾಯಿತು. ನ್ಯಾಯಾಲಯಗಳಲ್ಲಿ ಅವರಿಗೆ ಗೆಲುವು ಸಿಗಲಿಲ್ಲ. 2019ರಲ್ಲಿ ರಾಜ್ಯದ ಶಾಸನಸಭೆಯೇ ಮನೆಯಂಗಳದ ತರಕಾರಿ ತೋಟಕ್ಕೆ ಸ್ಥಳೀಯ ಸರ್ಕಾರಗಳು ಅಡ್ಡಬಾರದಂತೆ ಕಾನೂನು ಮಾಡಿತು. ಆದರೆ ಅದು ಕಟ್ಟಿಹಾಕುವುದು ಸ್ಥಳೀಯ ಸರ್ಕಾರಗಳನ್ನು, ಖಾಸಗಿ ಮನೆಮಾಲೀಕರ ಸಂಘಗಳನ್ನಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಸಂಘಗಳನ್ನೂ ಕಟ್ಟಿಹಾಕುತ್ತದೆ, ಅದೂ ಹಿತ್ತಲಿನ ಮಟ್ಟಿಗೆ ಮಾತ್ರ. ಎಲ್ಲಿಯವರಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನಿಮ್ಮನ್ನು ತಡೆಯುತ್ತಿರುವುದು ಊರಾಡಳಿತದ ಕಟ್ಟಳೆಯೋ, ನೀವೇ ಸಹಿ ಹಾಕಿದ ಸಂಘದ ಒಪ್ಪಂದವೋ?

ಅರ್ಜಿ ಒಂದೇ ಪುಟದ್ದಾಗಿರಲಿ. ಮಡಿಯ ಉದ್ದ, ಅಗಲ, ಎತ್ತರ, ಬಣ್ಣದ ಹೆಸರು, ರಸ್ತೆ ಅಂಚಿನಿಂದ ಎಷ್ಟು ದೂರ, ಗಿಡದ ಗರಿಷ್ಠ ಎತ್ತರ ಎಷ್ಟು, ಆಸರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ನಿಲ್ಲುತ್ತದೆ, ಇವು ಅಂಕಿಯಲ್ಲಿ ಇರಬೇಕು. ‘ಚಿಕ್ಕ ಕೈತೋಟ’ ಎಂದು ಬರೆದರೆ ಓದಿದವರು ಚೀಲ, ಕೋಲು, ಪ್ಲಾಸ್ಟಿಕ್ ಬಕೆಟ್‌ಗಳನ್ನೇ ಊಹಿಸಿಕೊಳ್ಳುತ್ತಾರೆ. ಹಾಳೆಯನ್ನು ಬಿಚ್ಚಿ ತೆಗೆಯಬಹುದು, ತಳಕ್ಕೆ ಕಾಂಕ್ರೀಟ್ ಇಲ್ಲ ಎಂಬ ಸಾಲು ಸೇರಿಸಿ. ಬೆಳೆ ಇಲ್ಲದ ದಿನಗಳಲ್ಲಿ ಮಡಿ ಹೇಗಿರುತ್ತದೆ ಎಂಬುದನ್ನೂ ಬರೆಯಿರಿ; ಹೆಚ್ಚಿನ ಅರ್ಜಿಗಳಲ್ಲಿ ಬಿಟ್ಟುಹೋಗುವ ಮಾತು ಇದು, ಸಮಿತಿಗೆ ಬೇಕಾದದ್ದೂ ಇದೇ. ಹಳೆಯ ಬೆಳೆ ಕೀಳುವ ನಾಲ್ಕೈದು ವಾರ ಮೊದಲೇ ಟ್ರೇಯಲ್ಲಿ ಮುಂದಿನ ಸಸಿ ಎಬ್ಬಿಸಿಟ್ಟರೆ ಕಿತ್ತ ದಿನವೇ ನೆಡಬಹುದು. ಸಸಿ ಸಿದ್ಧವಿಲ್ಲದಿದ್ದರೆ ಹುಲ್ಲಿನ ಹೊದಿಕೆ ಮುಚ್ಚಿ, ಅಂಚಿನ ಸಾಲಿನಲ್ಲಿ ವರ್ಷವಿಡೀ ಹಸಿರಿರುವ ಥೈಮ್ ಗಿಡಗಳನ್ನು ಹಾಗೇ ಬಿಡಿ. ಬಿಸಿಲು ಏರಿದಂತೆ ಎಲೆಗೆ ಬೂದಿರೋಗ ಹಿಡಿಸಿಕೊಳ್ಳುವ ಕುಂಬಳ, ಸೌತೆಗಳನ್ನು ಪಟ್ಟಿಯಿಂದ ತೆಗೆದುಹಾಕಿ. ಬಿಳಿ ಪುಡಿ ಉದುರಿಸುವ ಎಲೆಯನ್ನು ಯಾವ ಉಕ್ಕಿನ ಅಂಚೂ ಮರೆಮಾಡುವುದಿಲ್ಲ. ಅನುಮತಿ ಕಾಗದ ಕೈಗೆ ಬರುವವರೆಗೆ ಕಿಟ್‌ನ ಪೆಟ್ಟಿಗೆ ಒಡೆಯಬೇಡಿ. ಬೋಲ್ಟ್ ಬಿಗಿದು ಬಣ್ಣ ಗೀರಿದ ಹಾಳೆಯನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ.